ಫ್ರೇಸ್ ಯಾವುದು, ಕ್ಲಾಜ್ ಯಾವುದು? ಇಂಗ್ಲಿಷ್ ವ್ಯಾಕರಣದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿನ ಇಂಗ್ಲಿಷ್ ಉದಾಹರಣೆಗಳನ್ನು ಕನ್ನಡ ಲಿಪಿಯಲ್ಲೇ ಕೊಟ್ಟಿದ್ದೇವೆ. ಒಮ್ಮೆ ಬಾಯಿಬಿಟ್ಟು ಓದಿ, ಆಮೇಲೆ ನೋಟ್‌ಬುಕ್ಕಿನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದುಕೊಂಡು ಕ್ರಿಯಾಪದಗಳಿಗೆ ಗೆರೆ ಎಳೆಯಿರಿ. ಬರೀ ಕಣ್ಣಾಡಿಸಿದರೆ ಈ ವಿಷಯ ತಲೆಗೆ ಹತ್ತುವುದಿಲ್ಲ.

ಫ್ರೇಸ್‌ಗೂ ಕ್ಲಾಜ್‌ಗೂ ಇರುವ ವ್ಯತ್ಯಾಸವೇನು?

ಕ್ಲಾಜ್‌ನಲ್ಲಿ ಒಂದು ಕರ್ತೃಪದ ಇರುತ್ತದೆ, ಅದಕ್ಕೆ ಹೊಂದಿಕೊಂಡ ಒಂದು ಪೂರ್ಣಕ್ರಿಯೆ ಇರುತ್ತದೆ. ಫ್ರೇಸ್‌ನಲ್ಲಿ ಈ ಜೋಡಿ ಇರುವುದಿಲ್ಲ. ‘ಬಿಫೋರ್ ಸನ್‌ರೈಸ್’ ಫ್ರೇಸ್. ‘ಬಿಫೋರ್ ದ ಸನ್ ರೋಸ್’ ಕ್ಲಾಜ್, ಏಕೆಂದರೆ ‘ಸನ್’ ಕರ್ತೃ, ‘ರೋಸ್’ ಅದರ ಕ್ರಿಯೆ. ಎರಡರ ಅರ್ಥವೂ ‘ಸೂರ್ಯ ಹುಟ್ಟುವ ಮುಂಚೆ’ ಎಂದೇ. ಹಾಗಾಗಿ ಅರ್ಥ ನೋಡಿ ತೀರ್ಮಾನಿಸಿದವರು ಎಡವುತ್ತಾರೆ. ನೋಡಬೇಕಾದದ್ದು ಕಟ್ಟಡವನ್ನು.

ಪದಪುಂಜ, ನುಡಿಗಟ್ಟು, ಉಪವಾಕ್ಯ: ಯಾವುದು ಯಾವುದಕ್ಕೆ?

ಫ್ರೇಸ್‌ಗೆ ಪದಪುಂಜ ಅಥವಾ ಪದಗುಚ್ಛ, ಕ್ಲಾಜ್‌ಗೆ ಉಪವಾಕ್ಯ. ನುಡಿಗಟ್ಟು ಎಂದರೆ ‘ಕೈಕೊಡು’, ‘ತಲೆದೂಗು’ ತರಹದ, ಬಿಡಿ ಪದಗಳ ಅರ್ಥವನ್ನು ಮೀರಿದ ಮಾತು. ಕೆಲವು ಗೈಡುಗಳು ಫ್ರೇಸ್‌ಗೂ ನುಡಿಗಟ್ಟು ಎಂದೇ ಬರೆದು ಗೊಂದಲ ಮಾಡಿವೆ. ಕರಾರುಪತ್ರದಲ್ಲಿ ಬರುವ ಕ್ಲಾಜ್ ಎಂದರೆ ಷರತ್ತು ಅಥವಾ ಕಲಂ. ಅದಕ್ಕೂ ವ್ಯಾಕರಣಕ್ಕೂ ಸಂಬಂಧವಿಲ್ಲ. ಶಾಲೆಯ ‘ಕ್ಲಾಸ್’ ಜೊತೆ ಬೆರೆಯದಿರಲಿ ಎಂದು ಇಲ್ಲಿ ಎಲ್ಲ ಕಡೆ ‘ಕ್ಲಾಜ್’ ಎಂದೇ ಬರೆದಿದ್ದೇವೆ. ಇಂಗ್ಲಿಷಿನ ಉಚ್ಚಾರಣೆಗೂ ಅದೇ ಹತ್ತಿರ.

ಉದ್ದವಾಗಿದ್ದರೆ ಕ್ಲಾಜ್, ಚಿಕ್ಕದಾಗಿದ್ದರೆ ಫ್ರೇಸ್ ಅಲ್ಲವೇ?

ಅಲ್ಲ. ‘ಇನ್ ದ ಸ್ಮಾಲ್ ಟೈಲ್ಡ್ ಹೌಸ್ ಅಟ್ ದ ಫಾರ್ ಎಂಡ್ ಆಫ್ ದ ಸ್ಟ್ರೀಟ್ ಬಿಹೈಂಡ್ ದಿ ಓಲ್ಡ್ ಟೆಂಪಲ್’ ಎಂಬುದರಲ್ಲಿ 16 ಪದಗಳಿವೆ, ಒಂದೇ ಒಂದು ಪೂರ್ಣಕ್ರಿಯೆ ಇಲ್ಲ. ಅದು ಫ್ರೇಸ್. ‘ಐ ರ‍್ಯಾನ್’ ಎರಡೇ ಪದ, ಆದರೂ ಕ್ಲಾಜ್. ‘ಗೋ!’ ಎಂಬ ಒಂದೇ ಪದವೂ ಕ್ಲಾಜ್ ಆಗುತ್ತದೆ. ಆಜ್ಞೆಯ ಮಾತಿನಲ್ಲಿ ‘ಯೂ’ ಎಂಬ ಕರ್ತೃ ಅಡಗಿರುತ್ತದೆ.

ಪೂರ್ಣಕ್ರಿಯೆ ಯಾವುದೆಂದು ಕಂಡುಹಿಡಿಯುವುದು ಹೇಗೆ? ನನಗೆ ಎಲ್ಲವೂ ಕ್ರಿಯಾಪದದಂತೆಯೇ ಕಾಣುತ್ತದೆ.

ಕಷ್ಟದ ಗಂಟು ಇರುವುದೇ ಇಲ್ಲಿ. ಇದೊಂದು ಬಿಚ್ಚಿದರೆ ಮಿಕ್ಕದ್ದು ಸಲೀಸು.

ಹೈಸ್ಕೂಲಿನ ಕನ್ನಡ ವ್ಯಾಕರಣ ನೆನಪಿಸಿಕೊಳ್ಳಿ. ‘ಬರೆ’ ಎಂಬ ಧಾತುವಿಗೆ ಆಖ್ಯಾತ ಪ್ರತ್ಯಯ ಹತ್ತಿದರೆ ‘ಬರೆದನು’, ‘ಬರೆಯುತ್ತಾಳೆ’, ‘ಬರೆಯುವೆವು’. ಇವು ಪೂರ್ಣಕ್ರಿಯೆಗಳು. ಕೃತ್ ಪ್ರತ್ಯಯ ಹತ್ತಿದರೆ ‘ಬರೆದ’, ‘ಬರೆಯುತ್ತ’, ‘ಬರೆಯಲು’, ‘ಬರೆದರೆ’. ಇವು ಕೃದಂತಗಳು, ಇವುಗಳಿಂದ ವಾಕ್ಯ ಮುಗಿಯುವುದಿಲ್ಲ. ಇಂಗ್ಲಿಷಿನಲ್ಲೂ ಇದೇ ಭಾಗವಿದೆ. ‘ರೋಟ್’, ‘ರೈಟ್ಸ್’, ‘ಇಸ್ ರೈಟಿಂಗ್’, ‘ವಿಲ್ ರೈಟ್’ ಪೂರ್ಣಕ್ರಿಯೆಗಳು. ಒಂಟಿಯಾಗಿ ನಿಂತ ‘ರೈಟಿಂಗ್’, ‘ರಿಟನ್’, ‘ಟು ರೈಟ್’ ಕೃದಂತಗಳ ಸಾಲಿಗೆ ಸೇರಿದವು. ಕನ್ನಡದಲ್ಲಿ ಪದದ ಕೊನೆ ನೋಡಿದರೆ ಸಾಕು, ಗೊತ್ತಾಗಿಬಿಡುತ್ತದೆ. ಇಂಗ್ಲಿಷಿನ ಪದಗಳು ಅಷ್ಟು ಬಿಚ್ಚುಮನಸ್ಸಿನವಲ್ಲ, ಆದ್ದರಿಂದ ಮೂರು ಪರೀಕ್ಷೆ ಬೇಕಾಗುತ್ತದೆ.

ಮೊದಲನೆಯದು ಕಾಲ ಬದಲಿಸಿ ನೋಡುವುದು. ‘ದ ಬಾಯ್ ಸ್ಟ್ಯಾಂಡಿಂಗ್ ನಿಯರ್ ದ ಗೇಟ್ ಇಸ್ ಮೈ ಸ್ಟೂಡೆಂಟ್’ ಎಂಬುದನ್ನು ಭೂತಕಾಲಕ್ಕೆ ಒಯ್ಯಿರಿ. ‘ಇಸ್’ ಹೋಗಿ ‘ವಾಸ್’ ಆಯಿತು, ‘ಸ್ಟ್ಯಾಂಡಿಂಗ್’ ಇದ್ದಲ್ಲೇ ಇತ್ತು. ಕಾಲ ಬದಲಾದಾಗ ರೂಪ ಬದಲಿಸುವುದು ಪೂರ್ಣಕ್ರಿಯೆ, ಬದಲಿಸದೆ ಕೂತಿರುವುದು ಕೃದಂತ. ಹಾಗಾಗಿ ‘ಸ್ಟ್ಯಾಂಡಿಂಗ್ ನಿಯರ್ ದ ಗೇಟ್’ ಫ್ರೇಸ್. ಈಗ ‘ದ ಬಾಯ್ ಹೂ ಇಸ್ ಸ್ಟ್ಯಾಂಡಿಂಗ್ ನಿಯರ್ ದ ಗೇಟ್ ಇಸ್ ಮೈ ಸ್ಟೂಡೆಂಟ್’ ತೆಗೆದುಕೊಳ್ಳಿ. ಭೂತಕಾಲದಲ್ಲಿ ಎರಡು ‘ಇಸ್’ಗಳೂ ‘ವಾಸ್’ ಆಗುತ್ತವೆ. ಹಾಗಾದರೆ ಇಲ್ಲಿ ಎರಡು ಕ್ಲಾಜ್. ‘ಮಸ್ಟ್’ನಂಥ ಸಹಾಯಕ ಕ್ರಿಯೆಗಳು ಕಾಲಕ್ಕೆ ತಕ್ಕಂತೆ ಬದಲಾಗುವುದಿಲ್ಲ. ‘ಕ್ಯಾನ್’, ‘ಮಸ್ಟ್’, ‘ಶುಡ್’, ‘ವಿಲ್’ ಮೊದಲಾದವು ಬಂದರೆ ಪರೀಕ್ಷೆಯೇ ಬೇಡ, ಅಲ್ಲಿ ಪೂರ್ಣಕ್ರಿಯೆ ಇದೆ ಎಂದು ಲೆಕ್ಕಕ್ಕೆ ಹಿಡಿಯಿರಿ.

ಎರಡನೆಯದು ಭೂತಕಾಲದ ರೂಪವೋ ಕೃದಂತವೋ ಎಂಬ ಅನುಮಾನಕ್ಕೆ. ‘ದ ಲೆಟರ್ ಪೋಸ್ಟೆಡ್ ಯೆಸ್ಟರ್ಡೇ ರೀಚ್ಡ್ ಮಿ ಟುಡೇ’ ವಾಕ್ಯದಲ್ಲಿ ‘ಪೋಸ್ಟೆಡ್’, ‘ರೀಚ್ಡ್’ ಎರಡೂ ಒಂದೇ ಅಚ್ಚಿನಲ್ಲಿವೆ. ಎರಡು ರೂಪವೂ ಬೇರೆಬೇರೆ ಇರುವ ಕ್ರಿಯಾಪದವನ್ನು ಅದೇ ಜಾಗದಲ್ಲಿಟ್ಟು ನೋಡಿ. ‘ಪೋಸ್ಟೆಡ್’ ಜಾಗದಲ್ಲಿ ‘ರೋಟ್’ ಕೂರುವುದಿಲ್ಲ, ‘ರಿಟನ್’ ಕೂರುತ್ತದೆ. ಅಂದರೆ ಅದು ಕೃದಂತ, ‘ಪೋಸ್ಟೆಡ್ ಯೆಸ್ಟರ್ಡೇ’ ಫ್ರೇಸ್. ‘ರೀಚ್ಡ್’ ಜಾಗದಲ್ಲಿ ‘ಕೇಮ್ ಟು’ ಕೂರುತ್ತದೆ, ಹಾಗಾಗಿ ಅದು ಪೂರ್ಣಕ್ರಿಯೆ. ಇಂಗ್ಲಿಷ್ ಮಾತೃಭಾಷೆಯವರೇ ಇಲ್ಲಿ ತಬ್ಬಿಬ್ಬಾಗುವುದುಂಟು. ಭಾಷಾವಿಜ್ಞಾನಿ ಥಾಮಸ್ ಬೆವರ್ 1970ರಲ್ಲಿ ಕೊಟ್ಟ ‘ದ ಹಾರ್ಸ್ ರೇಸ್ಡ್ ಪಾಸ್ಟ್ ದ ಬಾರ್ನ್ ಫೆಲ್’ ಎಂಬ ವಾಕ್ಯ ಇದಕ್ಕೆ ಹೆಸರಾಗಿದೆ. ‘ರೇಸ್ಡ್’ ಪೂರ್ಣಕ್ರಿಯೆ ಎಂದುಕೊಂಡು ಓದುತ್ತ ಹೋದವರು ಕೊನೆಯ ‘ಫೆಲ್’ ಬಂದಾಗ ಗಕ್ಕನೆ ನಿಲ್ಲುತ್ತಾರೆ. ‘ಕೊಟ್ಟಿಗೆಯ ಪಕ್ಕದಲ್ಲಿ ಓಡಿಸಲಾದ ಕುದುರೆ ಬಿತ್ತು’ ಎಂಬುದು ಅದರ ಅರ್ಥ.

ಮೂರನೆಯದು ಸರ್ವನಾಮದ ಪರೀಕ್ಷೆ. ‘ಐ ಸಾ ಹಿಮ್ ಕ್ರಾಸ್ ದ ರೋಡ್’ ಎಂಬಲ್ಲಿ ‘ಕ್ರಾಸ್’ ಪೂರ್ಣಕ್ರಿಯೆಯಂತೆ ಕಾಣುತ್ತದೆ. ಅದರ ಹಿಂದಿರುವುದು ‘ಹಿ’ ಅಲ್ಲ, ‘ಹಿಮ್’. ಪೂರ್ಣಕ್ರಿಯೆಯ ಕರ್ತೃಸ್ಥಾನದಲ್ಲಿ ‘ಹಿ’, ‘ಶಿ’, ‘ದೇ’, ‘ಐ’ ಬರಬೇಕೇ ಹೊರತು ‘ಹಿಮ್’, ‘ಹರ್’, ‘ದೆಮ್’, ‘ಮಿ’ ಬರಲಾರವು. ಹಾಗಾಗಿ ಇಡೀ ವಾಕ್ಯಕ್ಕೆ ‘ಸಾ’ ಒಂದೇ ಪೂರ್ಣಕ್ರಿಯೆ.

‘ಹ್ಯಾಸ್ ಬೀನ್ ವೇಟಿಂಗ್’ ಎಂಬುದರಲ್ಲಿ ಮೂರು ಕ್ರಿಯೆಗಳಿವೆ. ಮೂರು ಕ್ಲಾಜ್ ಎನ್ನಬೇಕೇ?

ಒಂದೇ. ಸಹಾಯಕ ಕ್ರಿಯೆಗಳ ಸರಪಳಿ ಎಷ್ಟೇ ಉದ್ದವಿದ್ದರೂ ಒಟ್ಟಿಗೆ ಒಂದು ಪೂರ್ಣಕ್ರಿಯೆ. ಸರಪಳಿಯ ಮೊದಲ ಕೊಂಡಿ ಮಾತ್ರ ಕಾಲವನ್ನು ಹೊರುತ್ತದೆ.

‘ಶಿ ವಾಶ್ಡ್ ಆ್ಯಂಡ್ ಡ್ರೈಡ್ ದ ಕ್ಲೋತ್ಸ್’ ಬೇರೆ ವಿಷಯ. ಇಲ್ಲಿ ಪೂರ್ಣಕ್ರಿಯೆ ಎರಡು, ಕರ್ತೃ ಒಂದೇ, ಕರ್ಮವೂ ಒಂದೇ. ಇದನ್ನು ಜೋಡಿಕ್ರಿಯೆ ಇರುವ ಒಂದೇ ಕ್ಲಾಜ್ ಎಂದು ಎಣಿಸುವುದು ಒಳ್ಳೆಯದು ಎಂದು ನಮ್ಮ ಅಭಿಪ್ರಾಯ. ಎರಡನೆಯ ಕ್ರಿಯೆಗೆ ತನ್ನದೇ ಕರ್ತೃ ಕೊಟ್ಟು ‘ಆ್ಯಂಡ್ ಶಿ ಡ್ರೈಡ್ ದೆಮ್’ ಎಂದರೆ ಆಗ ನಿಸ್ಸಂದೇಹವಾಗಿ ಎರಡು ಕ್ಲಾಜ್.

‘ಇಂಗ್’ನಲ್ಲಿ ಕೊನೆಗೊಳ್ಳುವ ಪದ ಒಂದೊಂದು ಕಡೆ ಒಂದೊಂದು ಕೆಲಸ ಮಾಡುತ್ತದಲ್ಲ, ಅದನ್ನು ಬಿಡಿಸುವುದು ಹೇಗೆ?

ಕನ್ನಡಕ್ಕೆ ತಂದು ನೋಡಿ, ತಾನಾಗಿ ಬಿಡಿಸಿಕೊಳ್ಳುತ್ತದೆ. ‘ರನ್ನಿಂಗ್ ವಾಟರ್’ ಎಂದರೆ ‘ಹರಿಯುವ ನೀರು’: ಕೃದಂತನಾಮ, ವಿಶೇಷಣದ ಕೆಲಸ. ‘ರನ್ನಿಂಗ್ ಡೌನ್ ದ ಹಿಲ್, ಹಿ ಫೆಲ್’ ಎಂದರೆ ‘ಗುಡ್ಡ ಇಳಿದು ಓಡುತ್ತ ಬಿದ್ದ’: ಕೃದಂತಾವ್ಯಯ. ‘ರನ್ನಿಂಗ್ ಇಸ್ ಗುಡ್ ಫಾರ್ ಹೆಲ್ತ್’ ಎಂದರೆ ‘ಓಟ ಆರೋಗ್ಯಕ್ಕೆ ಒಳ್ಳೆಯದು’: ಕೃದಂತಭಾವನಾಮ. ನಾವು ಮೂರು ಬೇರೆ ರೂಪಗಳಿಗೆ ಹಂಚಿದ ಕೆಲಸವನ್ನು ಇಂಗ್ಲಿಷ್ ಒಂದೇ ರೂಪದಿಂದ ಮಾಡಿಸುತ್ತದೆ. ಮೂರರಲ್ಲಿ ಯಾವುದೂ ಒಂಟಿಯಾಗಿ ಕ್ಲಾಜ್ ಕಟ್ಟಲಾರದು. ಹಿಂದೆ ‘ಇಸ್’, ‘ವಾಸ್’, ‘ಆರ್’, ‘ವರ್’ ತರಹದ ಕ್ರಿಯೆ ಜೊತೆಗೂಡಿದರೆ ಮಾತ್ರ ಪೂರ್ಣಕ್ರಿಯೆ.

ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಇದು ಯಾಕೆ ಇಷ್ಟು ತೊಡಕು?

ಬುದ್ಧಿ ಕಮ್ಮಿ ಎಂದಲ್ಲ. ಎರಡು ಭಾಷೆಗಳು ಒಂದೇ ವಿಷಯವನ್ನು ಬೇರೆ ರೀತಿ ಕಟ್ಟುತ್ತವೆ, ಅಷ್ಟೆ. ಇಂಗ್ಲಿಷ್ ಕ್ಲಾಜ್ ಬಳಸುವ ಅನೇಕ ಕಡೆ ಕನ್ನಡ ಕೃದಂತದಿಂದಲೇ ಮುಗಿಸಿಬಿಡುತ್ತದೆ.

‘ಮಳೆ ಬಂದರೆ’ ಎಂಬಲ್ಲಿ ಪೂರ್ಣಕ್ರಿಯೆ ಇಲ್ಲ, ‘ಇಫ್ ಇಟ್ ರೇನ್ಸ್’ ಎಂಬಲ್ಲಿ ಇದೆ. ‘ನಾನು ನಿನ್ನೆ ಕೊಂಡ ಪುಸ್ತಕ’ ಎಂಬಲ್ಲಿ ‘ಕೊಂಡ’ ಕೃದಂತ, ‘ದ ಬುಕ್ ವಿಚ್ ಐ ಬಾಟ್ ಯೆಸ್ಟರ್ಡೇ’ ಎಂಬಲ್ಲಿ ‘ಬಾಟ್’ ಪೂರ್ಣಕ್ರಿಯೆ. ಕನ್ನಡದ ಜಾಡಿನಲ್ಲೇ ಹೋದವರ ಕೈಯಿಂದ ‘ಯೆಸ್ಟರ್ಡೇ ಐ ಬಾಟ್ ದ ಬುಕ್ ಇಸ್ ಲಾಸ್ಟ್’ ಎಂಬ ವಾಕ್ಯ ಬರುತ್ತದೆ. ಅಲ್ಲಿ ‘ಬುಕ್’ ಒಂದು ಕ್ರಿಯೆಗೆ ಕರ್ಮ, ಇನ್ನೊಂದಕ್ಕೆ ಕರ್ತೃ ಆಗಬೇಕಾಗಿ ಬಂದು ವಾಕ್ಯ ಮುರಿಯುತ್ತದೆ. ಸರಿ ಮಾಡುವ ದಾರಿ: ನಾಮಪದ ಮೊದಲು, ಅದರ ಬೆನ್ನಿಗೆ ಕ್ಲಾಜ್, ಆಮೇಲೆ ಮುಖ್ಯ ಕ್ರಿಯೆ. ‘ದ ಬುಕ್ ವಿಚ್ ಐ ಬಾಟ್ ಯೆಸ್ಟರ್ಡೇ ಇಸ್ ಲಾಸ್ಟ್.’

ಇನ್ನೆರಡು ಕಾರಣಗಳಿವೆ. ‘ಅವರು ಡಾಕ್ಟರು’ ಎಂಬುದು ಕನ್ನಡದಲ್ಲಿ ಕ್ರಿಯೆಯೇ ಇಲ್ಲದ ಪೂರ್ಣ ವಾಕ್ಯ. ಇಂಗ್ಲಿಷಿನಲ್ಲಿ ‘ಇಸ್’ ಇಲ್ಲದೆ ಕ್ಲಾಜ್ ನಿಲ್ಲುವುದಿಲ್ಲ, ‘ಬಿಕಾಸ್ ಹಿ ಅ ಡಾಕ್ಟರ್’ ತಪ್ಪು. ಹಾಗೆಯೇ ‘ಬಂದೆ’ ಎಂದರೆ ಕರ್ತೃ ‘ನಾನು’ ಎಂದು ಪ್ರತ್ಯಯವೇ ಹೇಳುತ್ತದೆ. ‘ಮನೆ ತಲುಪಿದಾಗ ಫೋನ್ ಮಾಡಿದೆ’ ಎಂಬ ಧಾಟಿಯಲ್ಲಿ ‘ವೆನ್ ರೀಚ್ಡ್ ಹೋಮ್, ಐ ಕಾಲ್ಡ್ ಹಿಮ್’ ಎಂದು ಬರೆದರೆ ಮೊದಲ ಭಾಗಕ್ಕೆ ಕರ್ತೃ ತಪ್ಪಿಹೋಯಿತು. ‘ವೆನ್ ಐ ರೀಚ್ಡ್ ಹೋಮ್’ ಎನ್ನಬೇಕು. ಹೇಳಲು ಯಾವ ಕರ್ತೃವೂ ಇಲ್ಲದಿದ್ದಾಗಲೂ ಇಂಗ್ಲಿಷ್ ಒಂದನ್ನು ತಂದು ಕೂರಿಸುತ್ತದೆ: ‘ಇಟ್ ಇಸ್ ರೇನಿಂಗ್’, ‘ದೇರ್ ಇಸ್ ನೋ ವಾಟರ್’.

‘ಬಿಫೋರ್’, ‘ಆಫ್ಟರ್’, ‘ಬಿಕಾಸ್’ ಬಂದರೆ ಕ್ಲಾಜ್ ಎಂದು ಹೇಳಿಕೊಟ್ಟಿದ್ದರು. ಸರಿಯೇ?

ಅರ್ಧ ಸರಿ. ‘ಬಿಫೋರ್’, ‘ಆಫ್ಟರ್’, ‘ಸಿನ್ಸ್’, ‘ಅಂಟಿಲ್’ ಇವು ಎರಡೂ ಕಡೆ ಸಲ್ಲುತ್ತವೆ. ‘ಆಫ್ಟರ್ ಲಂಚ್’ ಫ್ರೇಸ್, ‘ಆಫ್ಟರ್ ವಿ ಹ್ಯಾಡ್ ಲಂಚ್’ ಕ್ಲಾಜ್, ‘ಆಫ್ಟರ್ ಹ್ಯಾವಿಂಗ್ ಲಂಚ್’ ಮತ್ತೆ ಫ್ರೇಸ್. ಮೊದಲ ಪದಕ್ಕೆ ಮರುಳಾಗಬೇಡಿ, ಅದರ ಮುಂದೇನಿದೆ ನೋಡಿ.

ಬೇರೆ ಕೆಲವು ಪದಗಳು ಸಾಮಾನ್ಯವಾಗಿ ಒಂದೇ ಕಡೆಗೆ ಮೀಸಲು, ಇವನ್ನು ಜೋಡಿಜೋಡಿಯಾಗಿ ಕಲಿಯುವುದು ಮೇಲು. ‘ಬಿಕಾಸ್’ ಮುಂದೆ ಕ್ಲಾಜ್, ‘ಬಿಕಾಸ್ ಆಫ್’ ಮುಂದೆ ನಾಮಪದ. ‘ಆಲ್ದೋ’ ಮುಂದೆ ಕ್ಲಾಜ್, ‘ಡಿಸ್ಪೈಟ್’ ಮತ್ತು ‘ಇನ್ ಸ್ಪೈಟ್ ಆಫ್’ ಮುಂದೆ ನಾಮಪದ. ‘ವೈಲ್’ ಮುಂದೆ ಕ್ಲಾಜ್, ‘ಡ್ಯೂರಿಂಗ್’ ಮುಂದೆ ನಾಮಪದ. ‘ಡಿಸ್ಪೈಟ್ ಹಿ ವಾಸ್ ಇಲ್’ ಎಂಬ ತಪ್ಪು ಓದಿದವರ ಬರಹದಲ್ಲೂ ನುಸುಳುತ್ತದೆ. ‘ಡಿಸ್ಪೈಟ್ ಹಿಸ್ ಇಲ್‌ನೆಸ್’ ಅಥವಾ ‘ಆಲ್ದೋ ಹಿ ವಾಸ್ ಇಲ್’, ಎರಡರಲ್ಲಿ ಒಂದು ಆರಿಸಿಕೊಳ್ಳಿ.

ಜೋಡಿಸುವ ಪದವೇ ಇಲ್ಲದಿದ್ದರೆ ಕ್ಲಾಜ್ ಇರುವುದಿಲ್ಲ ಅಲ್ಲವೇ?

ಇರಬಹುದು. ‘ಐ ನೋ ಹಿ ಇಸ್ ಆನೆಸ್ಟ್’ ಎಂಬಲ್ಲಿ ‘ದಟ್’ ಬಿಟ್ಟುಹೋಗಿದೆ. ‘ದ ಬುಕ್ ಐ ಬಾಟ್ ಇಸ್ ಗುಡ್’ ಎಂಬಲ್ಲಿ ‘ವಿಚ್’ ಬಿಟ್ಟುಹೋಗಿದೆ. ಎರಡರಲ್ಲೂ ಎರಡೆರಡು ಕ್ಲಾಜ್. ನಾಮಪದದ ಬೆನ್ನಿಗೇ ‘ಐ’, ‘ಹಿ’, ‘ವಿ’ ತರಹದ ಇನ್ನೊಂದು ಕರ್ತೃ ಕಂಡರೆ ಅಲ್ಲೊಂದು ಕ್ಲಾಜ್ ಅಡಗಿದೆ ಎಂದು ತಿಳಿಯಿರಿ. ‘ಹ್ಯಾಡ್ ಐ ನೋನ್, ಐ ವುಡ್ ಹ್ಯಾವ್ ಕಮ್’ ಎಂಬಲ್ಲಿ ‘ಇಫ್’ ಇಲ್ಲ, ಬದಲಿಗೆ ಸಹಾಯಕ ಕ್ರಿಯೆ ಕರ್ತೃವಿಗಿಂತ ಮುಂದೆ ಹೋಗಿ ಕೂತಿದೆ.

ನಾಮಪದದ ಕ್ಲಾಜ್, ವಿಶೇಷಣದ ಕ್ಲಾಜ್, ಕ್ರಿಯಾವಿಶೇಷಣದ ಕ್ಲಾಜ್: ಮೂರನ್ನೂ ಗುರುತಿಸಲು ಸುಲಭ ದಾರಿ ಇದೆಯೇ?

ಕ್ಲಾಜ್‌ನ ಮೊದಲ ಪದ ನೋಡಿ ಹೇಳಲು ಆಗುವುದಿಲ್ಲ. ಒಂದೇ ‘ವೇರ್ ಹಿ ಲಿವ್ಸ್’ ಮೂರು ವೇಷ ಹಾಕುತ್ತದೆ.

‘ಐ ನೋ ವೇರ್ ಹಿ ಲಿವ್ಸ್.’ ಇಡೀ ಕ್ಲಾಜ್ ತೆಗೆದು ‘ಇಟ್’ ಹಾಕಿ: ‘ಐ ನೋ ಇಟ್’. ಕೂತಿತು. ನಾಮಪದದ ಕ್ಲಾಜ್.

‘ದ ಹೌಸ್ ವೇರ್ ಹಿ ಲಿವ್ಸ್ ಇಸ್ ಓಲ್ಡ್.’ ಯಾವ ಮನೆ ಎಂದು ಕೇಳಿದರೆ ಉತ್ತರ ಸಿಗುತ್ತದೆ, ಕ್ಲಾಜ್ ತೆಗೆದರೂ ‘ದ ಹೌಸ್ ಇಸ್ ಓಲ್ಡ್’ ಎಂಬ ವಾಕ್ಯ ಉಳಿಯುತ್ತದೆ. ವಿಶೇಷಣದ ಕ್ಲಾಜ್.

‘ಐ ವರ್ಕ್ ವೇರ್ ಹಿ ಲಿವ್ಸ್.’ ಎಲ್ಲಿ ಕೆಲಸ ಎಂದು ಕ್ರಿಯೆಯನ್ನು ಕೇಳಿದರೆ ಉತ್ತರ. ‘ದೇರ್’ ಎಂದು ಬದಲಿಸಬಹುದು. ಕ್ರಿಯಾವಿಶೇಷಣದ ಕ್ಲಾಜ್.

ಹೆಸರು ಹೇಳಲು ಬಂದರಷ್ಟೇ ಸಾಲದು, ಬರವಣಿಗೆಯೂ ಇದರ ಮೇಲೆ ನಿಂತಿದೆ. ‘ವೆನ್’ ಮತ್ತು ‘ಇಫ್’ ತೆಗೆದುಕೊಳ್ಳಿ. ‘ಐ ವಿಲ್ ಟೆಲ್ ಹಿಮ್ ವೆನ್ ಹಿ ಕಮ್ಸ್’ ಎಂಬುದರಲ್ಲಿ ಅವನು ಬಂದಾಗ ಹೇಳುತ್ತೇನೆ ಎಂದರ್ಥ, ಕ್ರಿಯಾವಿಶೇಷಣದ ಕ್ಲಾಜ್. ಮುಂದೆ ನಡೆಯುವ ಸಂಗತಿಯಾದರೂ ಅಲ್ಲಿ ‘ವಿಲ್’ ಹಾಕುವಂತಿಲ್ಲ. ‘ಐ ಡೋಂಟ್ ನೋ ವೆನ್ ಹಿ ವಿಲ್ ಕಮ್’ ಎಂಬುದರಲ್ಲಿ ಅವನು ಯಾವಾಗ ಬರುತ್ತಾನೋ ಗೊತ್ತಿಲ್ಲ ಎಂದರ್ಥ, ನಾಮಪದದ ಕ್ಲಾಜ್. ಇಲ್ಲಿ ‘ವಿಲ್’ ಬರಬೇಕು. ‘ಇಫ್ ಇಟ್ ರೇನ್ಸ್ ಟುಮಾರೋ’ ಸರಿ, ‘ಐ ಡೋಂಟ್ ನೋ ಇಫ್ ಇಟ್ ವಿಲ್ ರೇನ್ ಟುಮಾರೋ’ ಕೂಡ ಸರಿ. ಕನ್ನಡಕ್ಕೆ ಹಾಕಿದಾಗ ‘ಬಂದಾಗ’, ‘ಬಂದರೆ’ ಎಂದು ಬಂದರೆ ‘ವಿಲ್’ ಬೇಡ, ‘ಯಾವಾಗ ಬರುತ್ತಾನೋ’, ‘ಬರುತ್ತದೋ ಇಲ್ಲವೋ’ ಎಂದು ಬಂದರೆ ‘ವಿಲ್’ ಬೇಕು. ಈ ವಿಷಯದಲ್ಲಿ ನಮ್ಮ ಭಾಷೆ ನಮಗೆ ನೆರವಿಗೆ ಬರುತ್ತದೆ.

ಇನ್ನೊಂದು ಮಾತು. ಪ್ರಶ್ನೆ ನಾಮಪದದ ಕ್ಲಾಜ್ ಆದೊಡನೆ ಅದರ ಪದಕ್ರಮ ನೇರವಾಗಬೇಕು. ‘ವೇರ್ ಇಸ್ ಶಿ?’ ಪ್ರಶ್ನೆ. ‘ಐ ಡೋಂಟ್ ನೋ ವೇರ್ ಶಿ ಇಸ್’ ಸರಿ, ‘ಐ ಡೋಂಟ್ ನೋ ವೇರ್ ಇಸ್ ಶಿ’ ತಪ್ಪು.

ರಜೆ ಅರ್ಜಿಯಲ್ಲಿ ‘ಆ್ಯಸ್ ಐ ಆ್ಯಮ್ ಸಫರಿಂಗ್ ಫ್ರಮ್ ಫೀವರ್.’ ಎಂದು ಬರೆದು ಫುಲ್‌ಸ್ಟಾಪ್ ಹಾಕಿದ್ದೆ. ಕೆಂಪು ಗೆರೆ ಬಿತ್ತು. ಕರ್ತೃ, ಕ್ರಿಯೆ ಎರಡೂ ಇವೆಯಲ್ಲ?

ಇವೆ, ಹಾಗಾಗಿ ಅದು ಕ್ಲಾಜ್ ಹೌದು. ಆದರೆ ‘ಆ್ಯಸ್’ ಎಂಬ ಪದ ಅದನ್ನು ಅಧೀನ ವಾಕ್ಯವನ್ನಾಗಿ ಮಾಡಿದೆ. ‘ನನಗೆ ಜ್ವರ ಬಂದಿರುವುದರಿಂದ’ ಎಂದು ಹೇಳಿ ಸುಮ್ಮನಾದರೆ ಕೇಳುವವರು ‘ಅದಕ್ಕೇನೀಗ?’ ಎಂದು ಕಾಯುತ್ತಾರಲ್ಲ, ಹಾಗೆ. ಫುಲ್‌ಸ್ಟಾಪ್ ಬದಲು ಅಲ್ಪವಿರಾಮ ಹಾಕಿ ಪ್ರಧಾನ ವಾಕ್ಯ ಸೇರಿಸಿ: ‘ಆ್ಯಸ್ ಐ ಆ್ಯಮ್ ಸಫರಿಂಗ್ ಫ್ರಮ್ ಫೀವರ್, ಐ ರಿಕ್ವೆಸ್ಟ್ ಯೂ ಟು ಗ್ರ್ಯಾಂಟ್ ಮಿ ಟು ಡೇಸ್ ಲೀವ್’.

ಇದರ ತದ್ವಿರುದ್ಧ ತಪ್ಪೂ ಇದೆ. ‘ಆ್ಯಸ್ ಐ ವಾಸ್ ಇಲ್, ಸೋ ಐ ಡಿಡ್ ನಾಟ್ ಕಮ್’, ‘ದೋ ಹಿ ಇಸ್ ಪೂರ್, ಬಟ್ ಹಿ ಇಸ್ ಆನೆಸ್ಟ್’. ಎರಡು ಕ್ಲಾಜ್‌ಗಳನ್ನು ಕೂಡಿಸಲು ಒಂದು ಕೊಂಡಿ ಸಾಕು. ಎರಡನೆಯ ಕೊಂಡಿ ಹಾಕಿದರೆ ಸ್ವತಂತ್ರವಾಗಿ ನಿಲ್ಲುವ ಕ್ಲಾಜ್ ಉಳಿಯುವುದೇ ಇಲ್ಲ. ‘ಸೋ’, ‘ಬಟ್’ ತೆಗೆಯಿರಿ, ಅಥವಾ ‘ಆ್ಯಸ್’, ‘ದೋ’ ತೆಗೆಯಿರಿ. ‘ದೋ’ ಜೊತೆ ‘ಸ್ಟಿಲ್’ ಅಥವಾ ‘ಯೆಟ್’ ಬರಬಹುದು, ‘ಬಟ್’ ಮಾತ್ರ ಕೂಡದು.

ಅಲ್ಪವಿರಾಮ ಎಲ್ಲಿ ಹಾಕಬೇಕು?

ಅಧೀನ ಕ್ಲಾಜ್ ಮೊದಲು ಬಂದರೆ ಅದರ ಕೊನೆಗೆ ಹಾಕಿ. ಅದು ನಂತರ ಬಂದರೆ ಸಾಮಾನ್ಯವಾಗಿ ಬೇಡ. ಎರಡು ಪ್ರಧಾನ ವಾಕ್ಯಗಳನ್ನು ಬರೀ ಅಲ್ಪವಿರಾಮದಿಂದ ಕೂಡಿಸಬಾರದು. ಕನ್ನಡದಲ್ಲಿ ‘ಹುಬ್ಬಳ್ಳಿಗೆ ಹೋದೆ, ಅವರನ್ನು ಕಂಡೆ’ ಎನ್ನಬಹುದು. ‘ಐ ವೆಂಟ್ ಟು ಹುಬ್ಬಳ್ಳಿ, ಐ ಮೆಟ್ ಹಿಮ್’ ಎಂಬುದಕ್ಕೆ ಇಂಗ್ಲಿಷಿನಲ್ಲಿ ಅಂಕ ಕಳೆಯುತ್ತಾರೆ. ನಡುವೆ ‘ಆ್ಯಂಡ್’ ಬರಲಿ, ಇಲ್ಲವೇ ಅರ್ಧವಿರಾಮ ಬರಲಿ.

ವಿಶೇಷಣದ ಕ್ಲಾಜ್‌ಗೆ ಬಂದರೆ ಒಂದು ಅಲ್ಪವಿರಾಮ ಸಂಸಾರವನ್ನೇ ಬದಲಿಸಿಬಿಡುತ್ತದೆ. ‘ಮೈ ಬ್ರದರ್ ಹೂ ಲಿವ್ಸ್ ಇನ್ ಧಾರವಾಡ ಇಸ್ ಅ ಡಾಕ್ಟರ್’ ಎಂದು ಒಂದೇ ಉಸಿರಿಗೆ ಬರೆದರೆ ನಿಮಗೆ ಒಬ್ಬರಿಗಿಂತ ಹೆಚ್ಚು ಅಣ್ಣತಮ್ಮಂದಿರಿದ್ದಾರೆ, ಧಾರವಾಡದವರ ಮಾತು ಹೇಳುತ್ತಿದ್ದೀರಿ ಎಂದರ್ಥ. ‘ಬ್ರದರ್’ ಆದ ಮೇಲೊಂದು, ‘ಧಾರವಾಡ’ ಆದ ಮೇಲೊಂದು ಅಲ್ಪವಿರಾಮ ಹಾಕಿದರೆ ಇರುವವರೇ ಒಬ್ಬರು, ಧಾರವಾಡ ಎಂಬುದು ಹೆಚ್ಚಿನ ಮಾಹಿತಿ. ಹೀಗೆ ಅಲ್ಪವಿರಾಮದ ನಡುವೆ ಬಂದ ಕ್ಲಾಜ್‌ನಲ್ಲಿ ‘ಹೂ’, ‘ವಿಚ್’ ಬದಲು ‘ದಟ್’ ಬಳಸುವುದಿಲ್ಲ.

‘ವಾಕಿಂಗ್ ಆನ್ ದ ಟ್ಯಾಂಕ್ ಬಂಡ್, ಅ ಸ್ನೇಕ್ ಬಿಟ್ ಹಿಮ್’ ಎಂಬುದು ಯಾಕೆ ತಪ್ಪು?

ಏಕೆಂದರೆ ಕೆರೆ ಏರಿಯ ಮೇಲೆ ನಡೆದದ್ದು ಹಾವು ಎಂದಾಯಿತು. ಫ್ರೇಸ್‌ಗೆ ಸ್ವಂತ ಕರ್ತೃ ಇಲ್ಲ, ಅದು ಪ್ರಧಾನ ವಾಕ್ಯದ ಕರ್ತೃವನ್ನೇ ಎರವಲು ಪಡೆಯುತ್ತದೆ, ಇಲ್ಲಿ ಸಿಕ್ಕಿದ್ದು ‘ಸ್ನೇಕ್’. ಕನ್ನಡದ ‘ನಡೆಯುತ್ತಿದ್ದಾಗ ಹಾವು ಕಚ್ಚಿತು’ ಎಂಬುದರಲ್ಲಿ ಈ ತೊಂದರೆ ಬರುವುದಿಲ್ಲ, ‘ಆಗ’ ಸೇರಿದ ರೂಪ ಬೇರೆ ಕರ್ತೃವನ್ನು ಒಪ್ಪುತ್ತದೆ. ಮದ್ದು ಸರಳ, ಫ್ರೇಸನ್ನು ಕ್ಲಾಜ್ ಮಾಡಿ: ‘ವೈಲ್ ಹಿ ವಾಸ್ ವಾಕಿಂಗ್ ಆನ್ ದ ಟ್ಯಾಂಕ್ ಬಂಡ್, ಅ ಸ್ನೇಕ್ ಬಿಟ್ ಹಿಮ್’.

ಸ್ಪರ್ಧಾತ್ಮಕ ಪರೀಕ್ಷೆಯಲ್ಲಿ ಸಾಮಾನ್ಯ ವಾಕ್ಯವನ್ನು ಮಿಶ್ರ ವಾಕ್ಯ ಮಾಡಿ ಎಂದು ಕೇಳುತ್ತಾರೆ. ಹೇಗೆ?

ಸಾಮಾನ್ಯ, ಸಂಯೋಜಿತ, ಮಿಶ್ರ ಎಂದು ಕನ್ನಡದಲ್ಲಿ ಕಲಿತದ್ದೇ ಇಲ್ಲೂ. ಮಿಶ್ರ ಮಾಡುವುದೆಂದರೆ ಒಂದು ಫ್ರೇಸನ್ನು ಕ್ಲಾಜ್ ಆಗಿ ಹಿಗ್ಗಿಸುವುದು. ಮೊದಲು ಫ್ರೇಸ್ ಹುಡುಕಿ. ಅದು ಯಾವ ಪ್ರಶ್ನೆಗೆ ಉತ್ತರ ಎಂದು ಕೇಳಿ: ಯಾವಾಗ, ಯಾಕೆ, ಯಾವ, ಏನು. ಅದಕ್ಕೆ ತಕ್ಕ ಕೊಂಡಿ ಆರಿಸಿ. ಆಮೇಲೆ ಕರ್ತೃ ಕೊಡಿ, ಕೊನೆಗೆ ಪ್ರಧಾನ ವಾಕ್ಯದ ಕಾಲಕ್ಕೆ ಹೊಂದುವ ಪೂರ್ಣಕ್ರಿಯೆ ಕೊಡಿ.

‘ಆನ್ ಸೀಯಿಂಗ್ ದ ಪೊಲೀಸ್, ದ ಥೀಫ್ ರ‍್ಯಾನ್ ಅವೇ’ ಎಂಬುದು ‘ವೆನ್ ಹಿ ಸಾ ದ ಪೊಲೀಸ್, ದ ಥೀಫ್ ರ‍್ಯಾನ್ ಅವೇ’ ಆಗುತ್ತದೆ. ‘ಟೆಲ್ ಮಿ ಯುವರ್ ಏಜ್’ ಎಂಬುದು ‘ಟೆಲ್ ಮಿ ಹೌ ಓಲ್ಡ್ ಯೂ ಆರ್’. ‘ಹಿ ಇಸ್ ಟೂ ವೀಕ್ ಟು ವಾಕ್’ ಎಂಬುದು ‘ಹಿ ಇಸ್ ಸೋ ವೀಕ್ ದಟ್ ಹಿ ಕೆನಾಟ್ ವಾಕ್’. ಕೊನೆಯದರಲ್ಲಿ ‘ನಾಟ್’ ಮರೆಯುವವರು ಬಹಳ. ‘ಟೂ’ ಒಳಗೇ ನಿಷೇಧ ಅಡಗಿತ್ತು, ಕ್ಲಾಜ್ ಮಾಡಿದಾಗ ಅದನ್ನು ಹೊರಗೆ ತರಬೇಕು. ಭೂತಕಾಲದ ವಾಕ್ಯವಾದರೆ ‘ಕುಡ್ ನಾಟ್’.

ಒಂದು ಉದ್ದ ವಾಕ್ಯವನ್ನು ಬಿಡಿಸಿ ತೋರಿಸುತ್ತೀರಾ?

‘ವೆನ್ ದ ಬಸ್ ದಟ್ ವಿ ವರ್ ವೇಟಿಂಗ್ ಫಾರ್ ಫೈನಲಿ ಕೇಮ್, ದ ಕಂಡಕ್ಟರ್ ಶೌಟೆಡ್ ದಟ್ ದೇರ್ ವರ್ ನೋ ಸೀಟ್ಸ್, ಸೋ ವಿ ಡಿಸೈಡೆಡ್ ಟು ವಾಕ್ ಹೋಮ್.’

ಮೊದಲು ಪೂರ್ಣಕ್ರಿಯೆಗಳಿಗೆ ಗೆರೆ: ‘ವರ್ ವೇಟಿಂಗ್’, ‘ಕೇಮ್’, ‘ಶೌಟೆಡ್’, ‘ವರ್’, ‘ಡಿಸೈಡೆಡ್’. ಐದು. ಹಾಗಾದರೆ ಐದು ಕ್ಲಾಜ್. ಕರ್ತೃಗಳು ಕ್ರಮವಾಗಿ ‘ವಿ’, ‘ದ ಬಸ್’, ‘ದ ಕಂಡಕ್ಟರ್’, ‘ದೇರ್’, ‘ವಿ’. ‘ಬಸ್’ಗೂ ‘ಕೇಮ್’ಗೂ ನಡುವೆ ಇನ್ನೊಂದು ಕ್ಲಾಜ್ ತೂರಿಕೊಂಡಿರುವುದನ್ನು ಗಮನಿಸಿ, ದಾರಿ ತಪ್ಪುವುದು ಅಲ್ಲೇ. ಇನ್ನು ಕೊಂಡಿಗಳು. ‘ವೆನ್ … ಕೇಮ್’ ಕ್ರಿಯಾವಿಶೇಷಣದ್ದು, ‘ದಟ್ ವಿ ವರ್ ವೇಟಿಂಗ್ ಫಾರ್’ ಬಸ್ಸಿನ ವಿಶೇಷಣ, ‘ದಟ್ ದೇರ್ ವರ್ ನೋ ಸೀಟ್ಸ್’ ನಾಮಪದದ್ದು. ಒಂದೇ ‘ದಟ್’ ಎರಡು ಕೆಲಸ ಮಾಡಿದೆ. ಮೊದಲನೆಯದರ ಜಾಗದಲ್ಲಿ ‘ವಿಚ್’ ಹಾಕಬಹುದು, ಎರಡನೆಯದರ ಜಾಗದಲ್ಲಿ ಆಗದು. ಉಳಿದೆರಡು ಪ್ರಧಾನ ವಾಕ್ಯಗಳು, ‘ಸೋ’ ಅವನ್ನು ಕೂಡಿಸಿದೆ.

ಇದನ್ನೇ ಕನ್ನಡದಲ್ಲಿ ಹೇಳಿ: ‘ನಾವು ಕಾಯುತ್ತಿದ್ದ ಬಸ್ಸು ಕೊನೆಗೂ ಬಂದಾಗ ಸೀಟಿಲ್ಲ ಎಂದು ಕಂಡಕ್ಟರ್ ಕೂಗಿದನು, ಹಾಗಾಗಿ ನಡೆದೇ ಮನೆಗೆ ಹೋಗಲು ನಿರ್ಧರಿಸಿದೆವು’. ಪೂರ್ಣಕ್ರಿಯೆ ಮೂರೇ: ‘ಇಲ್ಲ’, ‘ಕೂಗಿದನು’, ‘ನಿರ್ಧರಿಸಿದೆವು’. ‘ವರ್ ವೇಟಿಂಗ್’ ಮತ್ತು ‘ಕೇಮ್’ ಎರಡೂ ನಮ್ಮಲ್ಲಿ ‘ಕಾಯುತ್ತಿದ್ದ’, ‘ಬಂದಾಗ’ ಎಂದು ಕೃದಂತದ ರೂಪ ತಾಳಿವೆ. ಕನ್ನಡದಿಂದ ಇಂಗ್ಲಿಷಿಗೆ ಬರೆಯುವಾಗ ಈ ಎರಡಕ್ಕೆ ಕರ್ತೃ, ಕಾಲ, ಕೊಂಡಿ ಮೂರನ್ನೂ ಹೊಸದಾಗಿ ಒದಗಿಸಬೇಕು.

ಕಾಲೇಜಿನಲ್ಲಿ ‘ಟು ವಾಕ್ ಹೋಮ್’ ಕೂಡ ಕ್ಲಾಜ್ ಎಂದು ಹೇಳಿದರು. ಶಾಲೆಯಲ್ಲಿ ಫ್ರೇಸ್ ಎಂದಿದ್ದರು. ಯಾರ ಮಾತು ನಿಜ?

ಇಬ್ಬರದೂ, ಅವರವರ ಪದ್ಧತಿಯಲ್ಲಿ. ಶಾಲೆಯ ವ್ಯಾಕರಣದಲ್ಲಿ ಪೂರ್ಣಕ್ರಿಯೆ ಇದ್ದರೆ ಮಾತ್ರ ಕ್ಲಾಜ್. 1985ರಲ್ಲಿ ಕ್ವರ್ಕ್, ಗ್ರೀನ್‌ಬಾಮ್, ಲೀಚ್, ಸ್ವಾರ್ಟ್‌ವಿಕ್ ಪ್ರಕಟಿಸಿದ ದೊಡ್ಡ ವ್ಯಾಕರಣವೂ 2002ರಲ್ಲಿ ಹಡಲ್‌ಸ್ಟನ್ ಮತ್ತು ಪುಲಮ್ ಪ್ರಕಟಿಸಿದ ಕೇಂಬ್ರಿಜ್ ವ್ಯಾಕರಣವೂ ಅಪೂರ್ಣಕ್ರಿಯೆಯ ಕ್ಲಾಜ್ ಎಂಬ ಬಗೆಯನ್ನು ಒಪ್ಪುತ್ತವೆ. ಅವುಗಳ ವಾದಕ್ಕೆ ಆಧಾರವಿದೆ: ‘ಟು ವಾಕ್ ಹೋಮ್’ ಒಳಗೂ ಒಂದು ಕ್ರಿಯೆ ಇದೆ, ನಡೆಯುವವರು ಯಾರೆಂದು ಗೊತ್ತಿದೆ, ಎಲ್ಲಿಗೆ ಎಂಬುದೂ ಇದೆ. ಕೇಂಬ್ರಿಜ್ ವ್ಯಾಕರಣ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ‘ಬಿಕಾಸ್’ ಅನ್ನು ಪ್ರಿಪೊಸಿಷನ್‌ಗಳ ಗುಂಪಿಗೇ ಸೇರಿಸುತ್ತದೆ.

ಹಾಗಾಗಿ ಮೇಲಿನ ಬಸ್ಸಿನ ವಾಕ್ಯದಲ್ಲಿ ಶಾಲೆಯ ಲೆಕ್ಕಕ್ಕೆ ಐದು ಕ್ಲಾಜ್, ಹೊಸ ಲೆಕ್ಕಕ್ಕೆ ಆರು. ಎಸ್‌ಎಸ್‌ಎಲ್‌ಸಿ, ಪಿಯುಸಿ ಮತ್ತು ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಐದು ಎಂದೇ ಬರೆಯಿರಿ. ಇಂಗ್ಲಿಷ್ ಎಂ.ಎ. ಅಥವಾ ಭಾಷಾವಿಜ್ಞಾನದ ಪತ್ರಿಕೆಯಾದರೆ ಯಾವ ಪದ್ಧತಿಯನ್ನು ಹಿಡಿದಿದ್ದೀರಿ ಎಂದು ಮೊದಲ ಸಾಲಿನಲ್ಲೇ ತಿಳಿಸಿ, ಆಮೇಲೆ ಎಣಿಸಿ.